ಸಹಾಯ ಬೇಕು: ಜರ್ಮನಿಯಲ್ಲಿ ನರ್ಸ್ ಕೆಲಸ, ಏಜೆಂಟ್ ವಿಚಾರ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ನರ್ಸ್. ಮೊದಲು ಇಂಗ್ಲೆಂಡ್‌ಗೆ ಹೋಗುವ ಆಸೆಯಿತ್ತು. 2024ರಿಂದ ಅಲ್ಲಿ ಹೊರದೇಶದವರನ್ನು ತೆಗೆದುಕೊಳ್ಳುವುದು ತುಂಬಾ ಕಡಿಮೆಯಾಗಿದೆ, ಹಾಗಾಗಿ ಈಗ ಜರ್ಮನಿ. ನೈಟ್ ಡ್ಯೂಟಿ ಮುಗಿಸಿ ಬಂದು ಜರ್ಮನ್ ಭಾಷೆಯ ಡೆರ್, ಡೀ, ಡಾಸ್ ಬಾಯಿಪಾಠ ಮಾಡುತ್ತಾಳೆ. ಆ ಭಾಷೆಯ ಬಿ1 ಹಂತದ ಪರೀಕ್ಷೆ ಪಾಸಾಗಿದೆ.

ಒಬ್ಬ ಏಜೆಂಟ್ ಮೂರು ಲಕ್ಷ ಕೇಳುತ್ತಿದ್ದಾನೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೂಡ ತನ್ನ ಹತ್ತಿರವೇ ಇರಲಿ ಅನ್ನುತ್ತಾನೆ! ನೋಂದಾಯಿತ ಏಜೆಂಟರ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ದಾಟುವಂತಿಲ್ಲ ಅಲ್ವಾ? ನೋಂದಾಯಿತ ಏಜೆಂಟರ ಹೆಸರಿರುವ ಸರ್ಕಾರಿ ವೆಬ್‌ಸೈಟ್ ಇ-ಮೈಗ್ರೇಟ್‌ನ ಪಟ್ಟಿಯಲ್ಲೂ ಅವನ ಹೆಸರಿಲ್ಲ. ನನಗಂತೂ ಭಯವಾಗುತ್ತಿದೆ.

ಅಲ್ಲಿ ಕೆಲಸ ಮಾಡುತ್ತಿರುವವರು ದಯವಿಟ್ಟು ಹೇಳಿ. ಮುಂದಿನ ಹಂತ ಬಿ2 ಇಲ್ಲೇ ಮುಗಿಸಿ ಹೋಗುವುದು ಒಳ್ಳೆಯದಾ? ಡಿಗ್ರಿಗೆ ಪೂರ್ತಿ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಸಂಬಳದಲ್ಲಿ ಖರ್ಚು ತೂಗುತ್ತಾ? ಏಜೆಂಟ್ ಇಲ್ಲದೆ ನೇರವಾಗಿ ಆಸ್ಪತ್ರೆಗೇ ಅರ್ಜಿ ಹಾಕಿದವರು ಯಾರಾದರೂ ಇದ್ದೀರಾ?