ತಪ್ಪಿ ಕೊಂಡ ಗಿಫ್ಟ್ ಕಾರ್ಡ್: ಹಣ ವಾಪಸ್ ಬಂದವರು, ಬಾರದವರು ಅನುಭವ ಹೇಳಿ

ಪ್ರಶ್ನೆ

ಬೇರೆ ದೇಶದಲ್ಲಿ ಓದುತ್ತಿರುವ ಅಕ್ಕನ ಮಗನಿಗೆ ಉಡುಗೊರೆ ಕೊಡೋಣ ಎಂದು ಆನ್‌ಲೈನ್ ಗೇಮ್‌ಗೆ ಬಳಸುವ ಗಿಫ್ಟ್ ಕಾರ್ಡ್ ಕೊಂಡೆ. ಎರಡು ತಪ್ಪು ಒಟ್ಟಿಗೆ ಆದವು. ಆ ಕಾರ್ಡ್ ನಡೆಯುವುದು ನಾನಿರುವ ದೇಶದ ಖಾತೆಗಳಿಗೆ ಮಾತ್ರ. ಜೊತೆಗೆ ಪೇಮೆಂಟ್ ಪುಟ ತಿರುಗುತ್ತಲೇ ಇತ್ತು, ಆಗಿಲ್ಲವೇನೋ ಎಂದು ಮತ್ತೊಮ್ಮೆ ಒತ್ತಿದೆ. ಎರಡು ಕಾರ್ಡ್ ಬಂದವು, ಎರಡು ಸಲ ಹಣ ಹೋಯಿತು. ಒಂದರ ಕೋಡ್ ತೆರೆದು ಅವನಿಗೆ ಕಳಿಸಿದೆ, ಅವನ ಖಾತೆ ತೆಗೆದುಕೊಳ್ಳಲಿಲ್ಲ. ಇನ್ನೊಂದು ಮೇಲ್‌ನಲ್ಲಿರುವ ‘ಕೋಡ್ ನೋಡಿ’ ಎಂಬುದನ್ನು ಇನ್ನೂ ಒತ್ತಿಲ್ಲ. ಚಾಟ್‌ನಲ್ಲಿ ಕೇಳಿದರೆ ‘ಗಿಫ್ಟ್ ಕಾರ್ಡ್‌ಗೆ ರೀಫಂಡ್ ಇಲ್ಲ’ ಎಂಬ ಒಂದೇ ವಾಕ್ಯ ಮೂರು ಸಲ ಬಂದು ಚಾಟ್ ಮುಚ್ಚಿಹೋಯಿತು. ಹೀಗಾದವರು ಏನು ಮಾಡಿದಿರಿ? ದಯವಿಟ್ಟು ತಿಳಿಸಿ.

ಗ್ರಾಹಕ ಸೇವೆಯಲ್ಲಿ ಕೆಲಸ ಮಾಡಿದವಳ ಉತ್ತರ

ಮೊದಲು ಒಂದು ಮಾತು: ಆ ಎರಡನೇ ಕೋಡ್ ತೆರೆಯಬೇಡಿ. ಕುತೂಹಲಕ್ಕೂ ಬೇಡ, ‘ಸರಿಯಿದೆಯಾ ನೋಡೋಣ’ ಅಂತಲೂ ಬೇಡ. ನಿಮ್ಮ ಕೈಯಲ್ಲಿ ಉಳಿದಿರುವ ಬಲ ಅದೊಂದೇ.

ನಾನು ಕೆಲವು ವರ್ಷ ಚಾಟ್ ಆ ಕಡೆ ಕೂತಿದ್ದವಳು. ನಮ್ಮ ಪರದೆಯಲ್ಲಿ ಒಂದು ಕಾರ್ಡ್‌ಗೆ ಹಲವು ಹಂತ ಕಾಣುತ್ತಿದ್ದವು: ಕೋಡ್ ಹುಟ್ಟಿದೆ, ಮೇಲ್ ಹೋಗಿದೆ, ತೆರೆದು ನೋಡಿದ್ದಾರೆ, ಖಾತೆಗೆ ಹಾಕಿಕೊಂಡಿದ್ದಾರೆ. ಖಾತೆಗೆ ಹಾಕಿಕೊಂಡದ್ದನ್ನು ಹಿಂದಕ್ಕೆ ತೆಗೆಯುವುದು ನಮ್ಮ ಕೈಯಲ್ಲಿ ಇರಲಿಲ್ಲ. ತೆರೆದು ನೋಡಿದ ಕೋಡ್‌ನ ತೊಂದರೆ ಬೇರೆ. ನೋಡಿದವರು ಬರೆದಿಟ್ಟುಕೊಂಡಿರಬಹುದು, ಇನ್ನೊಬ್ಬರಿಗೆ ಕೊಟ್ಟಿರಬಹುದು. ನಾವು ಇತ್ತ ಹಣ ವಾಪಸ್ ಮಾಡುವಾಗ ಅತ್ತ ಯಾರಾದರೂ ಅದನ್ನು ಬಳಸಿದರೆ ಕಂಪನಿಗೆ ಎರಡು ಸಲ ನಷ್ಟ. ಕೋಡ್ ಅಂದರೆ ನೋಟು ಇದ್ದ ಹಾಗೆ, ಯಾರ ಕೈಲಿದೆಯೋ ಅವರದು. ಹಾಗಾಗಿಯೇ ನಿಯಮ ಅಷ್ಟು ಬಿಗಿ. ಆದರೆ ತೆರೆಯದ ಕೋಡ್ ರದ್ದು ಮಾಡುವ ಅಧಿಕಾರ ನಮ್ಮ ಮೇಲಿನವರಿಗೆ ಇತ್ತು. ಕೇಳುವವರು ಅದನ್ನು ಸರಿಯಾಗಿ ಕೇಳಬೇಕಿತ್ತು, ಅಷ್ಟೇ. ಬಹಳ ಜನ ಕೇಳುತ್ತಲೇ ಇರಲಿಲ್ಲ, ಅದು ನನಗೆ ಈಗಲೂ ಬೇಸರ.

ಎರಡು ಪ್ರಕರಣಗಳನ್ನು ಒಂದೇ ದೂರಿನಲ್ಲಿ ಸೇರಿಸಬೇಡಿ. ಸೇರಿಸಿದರೆ ಎರಡಕ್ಕೂ ಒಂದೇ ‘ಇಲ್ಲ’ ಬರುತ್ತದೆ. ತೆರೆಯದ ಕಾರ್ಡ್‌ನದನ್ನು ಮೊದಲು ಹಿಡಿಯಿರಿ. ಚಾಟ್ ಬೇಡ, ಇಮೇಲ್ ಮಾಡಿ ಅಥವಾ ದೂರಿನ ಫಾರ್ಮ್ ತುಂಬಿ. ಹೀಗೆ ಬರೆಯಿರಿ: ‘ಇಂಥ ದಿನ, ಇಷ್ಟು ಗಂಟೆಗೆ, ಒಂದೇ ಮೊತ್ತದ ಎರಡು ಆರ್ಡರ್ ಕೆಲವೇ ಕ್ಷಣಗಳ ಅಂತರದಲ್ಲಿ ಆಗಿವೆ. ಪೇಮೆಂಟ್ ಪುಟ ನಿಂತದ್ದರಿಂದ ಎರಡನೆಯದು ಆಯಿತು. ಅದರ ಕೋಡ್ ನಾನು ತೆರೆದಿಲ್ಲ, ನಿಮ್ಮ ದಾಖಲೆಯಲ್ಲೇ ನೋಡಬಹುದು. ಆ ಕೋಡ್ ನಿಷ್ಕ್ರಿಯ ಮಾಡಿ, ಹಣವನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿ.’ ಎರಡೂ ಆರ್ಡರ್ ನಂಬರ್ ಹಾಕಿ, ಕೋಡ್ ಮಾತ್ರ ಎಲ್ಲೂ ಹಾಕಬೇಡಿ. ನೀವು ಕೋಪದಲ್ಲಿ ಬರೆಯುವ ನಾಲ್ಕು ಪ್ಯಾರಾಗಿಂತ ‘ನಿಮ್ಮ ದಾಖಲೆಯಲ್ಲೇ ನೋಡಬಹುದು’ ಎಂಬ ಸಾಲಿಗೆ ಹೆಚ್ಚು ತೂಕ. ಅದನ್ನು ಓದಿದವರು ನೋಡಲೇಬೇಕಾಗುತ್ತದೆ.

ಇನ್ನೊಬ್ಬರು

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆರ್ಡರ್ ಎರಡಾಗಿವೆಯೋ, ಅಥವಾ ಒಂದೇ ಆರ್ಡರ್‌ಗೆ ಹಣ ಎರಡು ಸಲ ಕಡಿತವಾಗಿದೆಯೋ ನೋಡಿಕೊಳ್ಳಿ. ನಿಮಗೆ ಎರಡು ಕಾರ್ಡ್ ಬಂದಿವೆ, ಅಂದರೆ ಎರಡು ಆರ್ಡರ್. ನನಗೆ ಬಂದದ್ದು ಒಂದೇ ಕಾರ್ಡ್, ಕಡಿತ ಎರಡು. ಅದು ಬ್ಯಾಂಕಿನ ಕಡೆ ಸುಲಭವಾಗಿ ಸಾಬೀತಾಗುವ ತಪ್ಪು, ನನಗೆ ಹೆಚ್ಚು ಓಡಾಟವಿಲ್ಲದೆ ಬಂತು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಬ್ಯಾಂಕಿನವರೂ ದಾರಿ ತಪ್ಪುತ್ತಾರೆ.

ಅಂಗಡಿಯಲ್ಲಿ ಕಾರ್ಡ್ ಕೊಂಡವರ ಅನುಭವ

ನನ್ನದು ಪ್ಲಾಸ್ಟಿಕ್ ಕಾರ್ಡ್. ಚಂದಾ ಕಾರ್ಡ್ ಬೇಕಿತ್ತು, ಅದೇ ಬಣ್ಣದ ಪಕ್ಕದ ಕಾರ್ಡ್ ಎತ್ತಿಕೊಂಡೆ. ಮನೆಗೆ ಬಂದು ಉಜ್ಜುವ ಪಟ್ಟಿಗೆ ಉಗುರು ಹಾಕುವ ಮೊದಲು ಹೆಸರು ಓದಿದ್ದು ನನ್ನ ಪುಣ್ಯ.

ಈ ಕಾರ್ಡ್‌ಗಳು ಸ್ಟ್ಯಾಂಡ್‌ನಲ್ಲಿ ನೇತಾಡುವಾಗ ಅವಕ್ಕೆ ಬೆಲೆಯೇ ಇರುವುದಿಲ್ಲ. ಕೌಂಟರ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಅಂಗಡಿಯ ಯಂತ್ರ ಕಾರ್ಡ್ ಕಂಪನಿಗೆ ಸಂದೇಶ ಕಳಿಸಿ ಅದಕ್ಕೆ ಜೀವ ಕೊಡುತ್ತದೆ. ಆ ಸಂದೇಶವನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಕೆಲವು ಅಂಗಡಿಗಳಲ್ಲಿ ಇರುತ್ತದೆ, ಆದರೆ ಅವತ್ತಿನ ಲೆಕ್ಕ ಮುಚ್ಚುವುದರೊಳಗೆ ಹೋಗಬೇಕು. ನಾನು ಅದೇ ಸಂಜೆ, ಅದೇ ಅಂಗಡಿಗೆ, ಬಿಲ್ ಸಮೇತ ಹೋದೆ. ಕೌಂಟರ್ ಹುಡುಗ ‘ಆಗಲ್ಲ ಸರ್’ ಅಂದ. ಅವನಿಗೆ ಅಧಿಕಾರ ಇರಲಿಲ್ಲ, ಅವನ ತಪ್ಪಲ್ಲ. ಮ್ಯಾನೇಜರ್ ಬಂದು ಪಟ್ಟಿ ಉಜ್ಜಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ನನಗೆ ಬೇಕಿದ್ದ ಕಾರ್ಡ್‌ಗೆ ಬದಲಿಸಿ ಕೊಟ್ಟರು. ಹಣ ಕೇಳಿದ್ದರೆ ಬಹುಶಃ ಕೊಡುತ್ತಿರಲಿಲ್ಲ. ನಾನು ಕೇಳಿದ್ದು ಬದಲಾವಣೆ.

ಅಂಗಡಿಯವರು ಕೈ ಚೆಲ್ಲಿದರೆ ಕಾರ್ಡ್‌ನ ಹಿಂಭಾಗ ಓದಿ. ಮುಂದೆ ಒಂದು ಬ್ರ್ಯಾಂಡ್‌ನ ಹೆಸರಿದ್ದರೂ, ಸ್ಟ್ಯಾಂಡ್‌ಗೆ ಕಾರ್ಡ್ ತಂದು ತುಂಬಿಸುವ, ಸಕ್ರಿಯ ಮಾಡುವ ವ್ಯವಸ್ಥೆ ನಡೆಸುವ ಕಂಪನಿ ಬೇರೆಯೇ ಇರಬಹುದು. ಬ್ಲ್ಯಾಕ್‌ಹಾಕ್ ನೆಟ್‌ವರ್ಕ್, ಇನ್‌ಕಾಮ್ ಅಂಥ ಕಂಪನಿಗಳ ಕೆಲಸವೇ ಅದು. ಯಾರು ವಿತರಿಸಿದ್ದು, ಯಾರನ್ನು ಸಂಪರ್ಕಿಸಬೇಕು ಎಂಬುದು ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬಿಲ್ ಎಸೆಯಬೇಡಿ, ಕಾರ್ಡ್ ಎಂದು ಸಕ್ರಿಯವಾಯಿತು ಎಂಬುದಕ್ಕೆ ನಿಮ್ಮ ಬಳಿ ಇರುವ ಸಾಕ್ಷಿ ಅದು.

ಖಾತೆ ಕಳೆದುಕೊಂಡವರ ಮಾತು

ನಾನು ಮಾಡಿದ್ದನ್ನು ನೀವು ಮಾಡಬೇಡಿ ಎಂದು ಹೇಳಲಿಕ್ಕೇ ಬರೆಯುತ್ತಿದ್ದೇನೆ. ತಪ್ಪು ಕಾರ್ಡ್ ಕೊಂಡೆ, ಎರಡು ದಿನ ಉತ್ತರ ಬರಲಿಲ್ಲ, ಸಿಟ್ಟಿನಲ್ಲಿ ಬ್ಯಾಂಕಿಗೆ ಫೋನ್ ಮಾಡಿ ಚಾರ್ಜ್‌ಬ್ಯಾಕ್ ಹಾಕಿಸಿದೆ, ಅಂದರೆ ಕೊಟ್ಟ ಹಣವನ್ನು ಮಾರಾಟಗಾರರಿಂದ ಹಿಂದಕ್ಕೆ ಪಡೆಯಲು ಬ್ಯಾಂಕಿನಲ್ಲಿ ತಕರಾರು ಹಾಕಿದೆ. ಹಣ ತಾತ್ಕಾಲಿಕವಾಗಿ ಬಂತು. ಆಮೇಲೆ ಮಾರಾಟಗಾರರು ಕೋಡ್ ಕಳಿಸಿದ ಸಮಯ, ಅದನ್ನು ತೆರೆದ ಸಮಯ ಎಲ್ಲ ದಾಖಲೆ ಕೊಟ್ಟರು. ವಸ್ತು ತಲುಪಿದೆ, ಕೊಂಡವರು ನಾನೇ ಎಂದು ಬ್ಯಾಂಕು ಒಪ್ಪಿತು, ಹಣ ಮತ್ತೆ ಹೋಯಿತು. ಅಷ್ಟರಲ್ಲಿ ಅವರು ನನ್ನ ಖಾತೆಯನ್ನೇ ಲಾಕ್ ಮಾಡಿದ್ದರು. ಹಲವು ವರ್ಷಗಳಲ್ಲಿ ಕೊಂಡ ಗೇಮ್‌ಗಳೆಲ್ಲ ಅದರಲ್ಲಿದ್ದವು. ಖಾತೆ ಬಿಡಿಸಿಕೊಳ್ಳಲು ಹಿಡಿದ ಸಮಯ, ಪಟ್ಟ ಪಾಡು ಆ ಒಂದು ಕಾರ್ಡ್‌ನ ಬೆಲೆಗೆ ಯಾವ ಲೆಕ್ಕದಲ್ಲೂ ಸಮವಲ್ಲ.

ಬ್ಯಾಂಕಿನ ದಾರಿ ಇರುವುದು ಕಾರ್ಡ್ ಬಾರದೇ ಹೋದಾಗ, ಕೋಡ್ ಕೆಲಸ ಮಾಡದಿದ್ದಾಗ, ನಿಮಗೆ ಗೊತ್ತಿಲ್ಲದೆ ಯಾರೋ ಕೊಂಡಾಗ. ನಾವೇ ತಪ್ಪಾಗಿ ಒತ್ತಿದ್ದಕ್ಕೆ ಅದು ಮೊದಲ ದಾರಿಯಲ್ಲ.

ಚಿಕ್ಕದೊಂದು ಅನುಭವ

ನನ್ನದು ಇಮೇಲ್ ವಿಳಾಸದಲ್ಲಿ ಒಂದು ಅಕ್ಷರ ತಪ್ಪು. ‘ನಾಳೆ ಬೆಳಿಗ್ಗೆ ಕಳಿಸಿ’ ಎಂದು ಸಮಯ ಇಟ್ಟಿದ್ದರಿಂದ ಕೋಡ್ ಇನ್ನೂ ಹೋಗಿರಲಿಲ್ಲ. ಆರ್ಡರ್ ಪುಟದಲ್ಲೇ ರದ್ದು ಮಾಡುವ ಅವಕಾಶ ಇತ್ತು. ಆಮೇಲಿಂದ ನಾನು ಯಾವ ಇ-ಗಿಫ್ಟ್ ಕಾರ್ಡ್ ಕೊಂಡರೂ ತಕ್ಷಣ ಕಳಿಸುವುದಿಲ್ಲ.

ಕಾನೂನು ಓದಿದವರೊಬ್ಬರು

‘ರೀಫಂಡ್ ಇಲ್ಲ ಎಂಬುದು ನಮ್ಮ ನಿಯಮ’ ಎಂದು ಹೇಳಿದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ, ಆಯಾ ದೇಶದ ಕಾನೂನು ಅದರ ಮೇಲಿದೆ. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಗಳಿಗೆ ಸಾಮಾನ್ಯವಾಗಿ 14 ದಿನಗಳೊಳಗೆ ಹಿಂದೆ ಸರಿಯುವ ಹಕ್ಕಿದೆ, ವಿನಾಯಿತಿಗಳೂ ಇವೆ. ಭಾರತದಲ್ಲಿ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಗೆ ಒಬ್ಬ ದೂರು ಪರಿಹಾರ ಅಧಿಕಾರಿ ಇರಬೇಕು, ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅಮೆರಿಕದಲ್ಲಿ 2009ರ ಕಾನೂನಿನ ಪ್ರಕಾರ ಮಾರಾಟವಾದ ಗಿಫ್ಟ್ ಕಾರ್ಡ್‌ನ ಹಣ ಕನಿಷ್ಠ 5 ವರ್ಷ ಸಾಯುವ ಹಾಗಿಲ್ಲ. ಇವು ಯಾವುವೂ ‘ತಪ್ಪಾಗಿ ಕೊಂಡೆ, ಹಣ ಕೊಡಿ’ ಎಂಬುದಕ್ಕೆ ನೇರ ಭರವಸೆಯಲ್ಲ. ಆದರೆ ಚಾಟ್‌ನಲ್ಲಿ ಮುಚ್ಚಿದ ವಿಷಯವನ್ನು ದೂರು ಅಧಿಕಾರಿಯ ಮೇಜಿಗೆ ಒಯ್ಯಲು ಸಾಕು. ಪ್ರತಿ ಉತ್ತರದ ಟಿಕೆಟ್ ನಂಬರ್, ದಿನಾಂಕ ಬರೆದಿಡಿ. ಚಾಟ್ ಮುಚ್ಚುವ ಮೊದಲೇ ಸ್ಕ್ರೀನ್‌ಶಾಟ್ ತೆಗೆಯಿರಿ.

ಅಪ್ಪನಿಗಾದದ್ದನ್ನು ಹೇಳುವವಳು

ಈ ಪ್ರಶ್ನೆ ಓದಲು ಬರುವ ಎಲ್ಲರಿಗೂ ಇದು: ಕಾರ್ಡ್ ಕೊಳ್ಳಲು ನಿಮಗೆ ಯಾರಾದರೂ ಫೋನ್‌ನಲ್ಲಿ ಹೇಳಿದ್ದರೇ? ದಂಡ ಕಟ್ಟಿ, ಬಾಕಿ ತೀರಿಸಿ, ಕಂಪ್ಯೂಟರ್ ಸರಿಮಾಡುತ್ತೇವೆ ಎಂದು? ಹಾಗಿದ್ದರೆ ಅದು ತಪ್ಪು ಖರೀದಿಯಲ್ಲ, ಮೋಸ. ಯಾವ ಸರ್ಕಾರಿ ಕಚೇರಿಯೂ ಗಿಫ್ಟ್ ಕಾರ್ಡ್‌ನಲ್ಲಿ ಹಣ ಕೇಳುವುದಿಲ್ಲ. ನಮ್ಮಪ್ಪ ನಾಲ್ಕು ಕಾರ್ಡ್‌ನ ಕೋಡ್ ಓದಿ ಹೇಳಿಬಿಟ್ಟಿದ್ದರು. ನಾನು ಆ ಗಳಿಗೆಯಲ್ಲೇ ಕಾರ್ಡ್ ಕಂಪನಿಗೆ ಫೋನ್ ಮಾಡಿ ‘ಮೋಸವಾಗಿದೆ, ಉಳಿದದ್ದನ್ನು ತಡೆಹಿಡಿಯಿರಿ’ ಅಂದೆ. ಮೂರು ಖಾಲಿಯಾಗಿದ್ದವು, ಒಂದು ಉಳಿಯಿತು. ಅಪ್ಪ ನಾಚಿಕೆಯಿಂದ ಎರಡು ತಾಸು ಸುಮ್ಮನಿದ್ದರು. ಕೂಡಲೇ ಹೇಳಿದ್ದರೆ ಇನ್ನೂ ಉಳಿಯುತ್ತಿದ್ದವೇನೋ. ಮನೆಯ ಹಿರಿಯರನ್ನು ಬೈಯಬೇಡಿ, ಬೈದರೆ ಮುಂದಿನ ಸಲ ಇನ್ನೂ ತಡವಾಗಿ ಹೇಳುತ್ತಾರೆ.

ಕಸ್ಟಮರ್ ಕೇರ್ ನಂಬರ್ ಹುಡುಕುವಾಗಲೂ ಜೋಪಾನ. ಹುಡುಕಾಟದಲ್ಲಿ ಮೊದಲು ಸಿಗುವ ನಂಬರ್ ಕಳ್ಳರದ್ದಿರಬಹುದು. ‘ರೀಫಂಡ್ ಮಾಡುತ್ತೇವೆ, ಕೋಡ್ ಹೇಳಿ, ಈ ಆಪ್ ಹಾಕಿಕೊಳ್ಳಿ’ ಅನ್ನುತ್ತಾರೆ. ಕಾರ್ಡ್ ಹಿಂದೆ ಅಥವಾ ಕಂಪನಿಯ ಸ್ವಂತ ಆಪ್‌ನಲ್ಲಿ ಇರುವ ನಂಬರ್ ಮಾತ್ರ ಬಳಸಿ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಮೇಡಂ ಹೇಳಿದ ಹಾಗೆಯೇ ತೆರೆಯದ ಕಾರ್ಡ್‌ಗೆ ಪ್ರತ್ಯೇಕ ಇಮೇಲ್ ಬರೆದೆ. ಮೊದಲು ಅದೇ ಹಳೆಯ ವಾಕ್ಯ ಬಂತು. ‘ಕೋಡ್ ತೆರೆದಿಲ್ಲ ಎಂಬುದನ್ನು ನಿಮ್ಮ ದಾಖಲೆಯಲ್ಲಿ ನೋಡಿದಿರಾ?’ ಎಂದು ಮರುಪತ್ರ ಬರೆದು ದೂರು ಅಧಿಕಾರಿಗೂ ಕಳಿಸಿದೆ. ಮೂರನೇ ದಿನ ಬೇರೊಬ್ಬರು ಉತ್ತರಿಸಿದರು: ಕೋಡ್ ರದ್ದಾಗಿದೆ, ಹಣ ಹಿಂದಿರುಗುತ್ತದೆ. ನಿನ್ನೆ ಖಾತೆಗೆ ಬಂತು.

ತೆರೆದ ಕಾರ್ಡ್‌ನ ಹಣ ಕೊಡಲಿಲ್ಲ. ಬೇರೆ ದೇಶದ ಕಾರ್ಡ್‌ಗೆ ಬದಲಿಸಿ ಎಂದು ಕೇಳಿದೆ, ಅದೂ ಆಗಲಿಲ್ಲ. ಆದರೆ ಕೋಡ್ ಯಾರೂ ಬಳಸಿಲ್ಲ, ಇನ್ನೂ ನಡೆಯುತ್ತದೆ ಎಂದು ಬರಹದಲ್ಲಿ ಖಚಿತಪಡಿಸಿದರು. ಇಲ್ಲೇ ಇರುವ ಸಹೋದ್ಯೋಗಿಯೊಬ್ಬರ ಮಗಳು ಅದೇ ಗೇಮ್ ಆಡುತ್ತಾಳೆ. ಅವರು ನನ್ನೆದುರೇ ಕೋಡ್ ಹಾಕಿ ನೋಡಿ, ಸರಿಯಿದೆ ಎಂದ ಮೇಲೆ ಪೂರ್ತಿ ಮೊತ್ತ ಕೊಟ್ಟರು. ಅಕ್ಕನ ಮಗನಿಗೆ ಅವನ ದೇಶದ ಕಾರ್ಡನ್ನು ಅವನ ಕೈಲೇ ಆರಿಸಿ ಕೊಳ್ಳಲು ಹೇಳಿದ್ದೇನೆ.