ಅಪ್‌ಡೇಟ್: ಅಮ್ಮನ ಜೊತೆ ಋಷಿಕೇಶಕ್ಕೆ ಹೋಗ್ಬಂದೆ

ಅಮ್ಮಂಗೆ ಯೋಗ, ನಂಗೆ ರಾಫ್ಟಿಂಗ್, ಎರಡೂ ಒಂದೇ ಟ್ರಿಪ್ಪಲ್ಲಿ ಆಗುತ್ತಾ, ಯಾವಾಗ ಹೋದ್ರೆ ಒಳ್ಳೇದು ಅಂತ ಕೇಳಿದ್ನಲ್ಲ, ಅಕ್ಟೋಬರಲ್ಲಿ ಹೋಗಿ ಅಂದೋರಿಗೆಲ್ಲ ತುಂಬಾ ಥ್ಯಾಂಕ್ಸ್, ಜುಲೈ ಆಗಸ್ಟಲ್ಲಿ ಗಂಗೆ ಉಕ್ಕಿ ಹರಿಯೋದ್ರಿಂದ ರಾಫ್ಟಿಂಗೇ ಬಂದ್ ಅಂತೆ. ನದಿ ಮೇಲ್ಗಡೆ ಇರೋ ಶಿವಪುರಿಯಿಂದ ಋಷಿಕೇಶಕ್ಕೆ ರಾಫ್ಟಲ್ಲೇ ಸುಮಾರು 16 ಕಿಮೀ ಬಂದ್ವಿ. ರೋಲರ್ ಕೋಸ್ಟರ್ ಅನ್ನೋ, ನೀರು ರಭಸವಾಗಿ ನುಗ್ಗೋ ರ‍್ಯಾಪಿಡ್ ಹತ್ರ ಗೈಡ್ ಹುಟ್ಟು ಹಾಕಿ ಹಾಕಿ ಅಂತ ಹಿಂದೀಲಿ ಕೂಗ್ತಿದ್ದ, ಅಷ್ಟ್ರಲ್ಲಿ ಅಲೆ ಬಂದು ಮುಖಕ್ಕೇ ಬಡೀತು ನೋಡಿ, ಬಿಸಿಲಿದ್ರೂ ನೀರು ಕೊರೀತಿತ್ತು, ಹಲ್ಲು ಕಟಕಟ, ಆದ್ರೂ ಇನ್ನೊಂದ್ಸಲ ಹೋಗೋಣ ಅನ್ನಿಸ್ತು! ಈಜು ಬರ್ದೇ ಇರೋರೂ ಇದ್ರು, ಲೈಫ್ ಜಾಕೆಟ್ ಬೆಲ್ಟ್ ಮಾತ್ರ ನೀವೇ ಎಳೆದು ನೋಡ್ಕೊಳ್ಳಿ.

ಅಮ್ಮಂಗೆ ಮಂಡಿನೋವು, ಯೋಗದ ಮೇಷ್ಟ್ರು ಕುರ್ಚಿ ಮೇಲೇ ಕೂರಿಸಿ ಪ್ರಾಣಾಯಾಮ ಹೇಳ್ಕೊಟ್ರು, ಬುಕ್ ಮಾಡೋ ಮುಂಚೆ ಇದನ್ನ ಕೇಳ್ಕೊಂಡ್ರೆ ಒಳ್ಳೇದು. ಸಂಜೆ ಪರಮಾರ್ಥ ನಿಕೇತನ ಆಶ್ರಮದ ಗಂಗಾ ಆರತಿ, ಅಮ್ಮ ದೊನ್ನೇಲಿ ದೀಪ ಬಿಟ್ಟು ಅದು ಕಣ್ಮರೆ ಆಗೋವರ್ಗೂ ಮೆಟ್ಲಿಂದ ಏಳ್ಲೇ ಇಲ್ಲ. ಊಟ ಪೂರ್ತಿ ವೆಜ್, ಊರಲ್ಲಿ ಮಾಂಸ ಮದ್ಯ ಎರಡೂ ನಿಷೇಧ, ಅಮ್ಮಂಗೆ ಅದೇ ನೆಮ್ಮದಿ. ಗಂಗೆ ದಾಟೋ ಹಳೇ ತೂಗುಸೇತುವೆ ಲಕ್ಷ್ಮಣ ಝೂಲಾನ 2020ರಲ್ಲೇ ಮುಚ್ಚಿದಾರೆ, ಅದಕ್ಕೇ ವಯಸ್ಸಾದವ್ರನ್ನ ಕರ್ಕೊಂಡು ಹೋಗೋರು ಇನ್ನೊಂದು ಸೇತುವೆ ಜಾನಕಿ ಸೇತು ಹತ್ರ ರೂಮ್ ನೋಡಿ.