ಮೂರು ದಿನಕ್ಕೊಮ್ಮೆ ನೀರು ಬಿಡುವ ವಾರ್ಡಿಗೆ ಎಪನೆಟ್ ಮಾಡೆಲ್

ಪ್ರಶ್ನೆ:
ವಾರ್ಡಿಗೆ ಮೂರು ದಿನಕ್ಕೊಮ್ಮೆ 2 ಗಂಟೆ ನೀರು. ದಿನಕ್ಕೆ ತಲಾ 135 ಲೀಟರ್ ಲೆಕ್ಕದಲ್ಲಿ ಎಪನೆಟ್ 2.2 (ಪೈಪು ಜಾಲದ ಹರಿವು, ಒತ್ತಡ ಲೆಕ್ಕ ಹಾಕುವ ತಂತ್ರಾಂಶ) ಓಡಿಸಿದರೆ ಎಲ್ಲ ನೋಡ್‌ಗಳಲ್ಲೂ (ಪೈಪುಗಳು ಕೂಡುವ ಬಿಂದುಗಳಲ್ಲೂ) 12 ಮೀಟರ್‌ ದಾಟಿ ಒತ್ತಡ ತೋರಿಸುತ್ತದೆ. ಆದರೆ ಕೊನೆ ಬೀದಿಯಲ್ಲಿ ನಲ್ಲಿ ತೊಟ್ಟಿಕ್ಕುತ್ತದೆ ಅಷ್ಟೇ. 72 ಗಂಟೆಯದ್ದು 2 ಗಂಟೆಯಲ್ಲಿ ಎಂದು ಡಿಮ್ಯಾಂಡ್ (ನೀರಿನ ಬೇಡಿಕೆ) 36 ಪಟ್ಟು ಮಾಡಿದರೆ ಒತ್ತಡ ಮೈನಸ್. ಪಿಡಿಎ (ಒತ್ತಡಕ್ಕೆ ತಕ್ಕಂತೆ ನೀರು ಸಿಗುತ್ತದೆಂದು ಲೆಕ್ಕ ಹಾಕುವ ಆಯ್ಕೆ) ಹಾಕಿದರೆ ಸಾಕೇ ಸರ್?

ಉತ್ತರ 1:
ಸಾಲದು. ಒತ್ತಡ ಇಳಿದಾಗ ಪಿಡಿಎ ನೀರು ಕಡಿತ ಮಾಡುತ್ತದೆ ನಿಜ, ಆದರೆ ನೀವು ಕೊಟ್ಟ ಡಿಮ್ಯಾಂಡ್ ಮೀರಿ ಹನಿಯನ್ನೂ ಬಿಡುವುದಿಲ್ಲ. ನೀರು ಬಂದಾಗ ಸಂಪು ತುಂಬುವವರೆಗೆ ಯಾರೂ ನಲ್ಲಿ ನಿಲ್ಲಿಸುವುದಿಲ್ಲ. ಓವರ್‌ಹೆಡ್ ಟ್ಯಾಂಕಿನ ಹತ್ತಿರದ ಸಂಪುಗಳು ತುಂಬಿದ ಮೇಲೇ ಕೊನೆ ಬೀದಿಗೆ ಒತ್ತಡ ಮುಟ್ಟುವುದು. ಆದ್ದರಿಂದ ಪ್ರತಿ ನೋಡ್‌ಗೂ ಒಂದು ಟ್ಯಾಂಕ್ ಜೋಡಿಸಿ, ನೋಡ್‌ನ ಬೇಸ್ ಡಿಮ್ಯಾಂಡ್ ಸೊನ್ನೆ ಮಾಡಿ.

ನೋಡ್‌ಗೆ 40 ಮನೆ, ಮನೆಗೆ 5 ಜನ ಎಂದುಕೊಂಡರೆ 3 ದಿನಕ್ಕೆ 81 ಘನ ಮೀಟರ್. ಟ್ಯಾಂಕಿನ ತಳ ನೆಲಮಟ್ಟಕ್ಕೇ ಇರಲಿ: ಎತ್ತರ 0.1 ಮೀಟರ್, ವ್ಯಾಸ 32.1 ಮೀಟರ್. ಸಂಪಿನ ನಿಜವಾದ 2 ಮೀಟರ್ ಆಳ ಕೊಡಬೇಡಿ. ಸಂಪಿಗೆ ನೀರು ಮೇಲಿಂದ ಬೀಳುತ್ತದೆ, ಎಪನೆಟ್ ಟ್ಯಾಂಕಿಗೆ ತಳದಿಂದ ಹೋಗುತ್ತದೆ. ಇಲ್ಲದ 2 ಮೀಟರ್ ಹೆಡ್ (ನೀರನ್ನು ತಳ್ಳುವ ಎತ್ತರ) ಪುಕ್ಕಟೆ ಸಿಕ್ಕಿಬಿಡುತ್ತದೆ.

ನೋಡ್‌ನಿಂದ ಟ್ಯಾಂಕಿಗೆ ಚೆಕ್ ವಾಲ್ವ್ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಇರುವ ಪೈಪು. ಎಡವುವುದು ಇಲ್ಲೇ. 15 ಮಿ.ಮೀ.ನ 40 ಕನೆಕ್ಷನ್‌ಗಳಿಗೆ ಸಮನಾದ ವ್ಯಾಸ, ಹೇಜನ್-ವಿಲಿಯಮ್ಸ್ ಘರ್ಷಣೆ ಸೂತ್ರದ ಪ್ರಕಾರ, 15 × (40ರ 0.38ನೇ ಘಾತ), ಅಂದರೆ 61 ಮಿ.ಮೀ. ಉದ್ದ ಒಂದು ಕನೆಕ್ಷನ್‌ನಷ್ಟೇ. ನೀರಿನ ಮೀಟರ್, ಫೆರೂಲ್ (ಮುಖ್ಯ ಪೈಪಿಗೆ ಕನೆಕ್ಷನ್ ಜೋಡಿಸುವ ಭಾಗ) ಇವುಗಳ ಒತ್ತಡ ನಷ್ಟವನ್ನು ಮೈನರ್ ಲಾಸ್‌ಗೆ ಸೇರಿಸಿ. ವ್ಯಾಸವನ್ನು ಅಂದಾಜಿಗೆ 100 ಮಿ.ಮೀ. ಹಾಕಿದರೆ ಮೊದಲ ಬೀದಿಗಳೇ ನೀರೆಲ್ಲ ಎಳೆದುಕೊಳ್ಳುತ್ತವೆ. ಹೈಡ್ರಾಲಿಕ್ ಟೈಮ್ ಸ್ಟೆಪ್ (ಎಷ್ಟು ಹೊತ್ತಿಗೊಮ್ಮೆ ಲೆಕ್ಕ ಹಾಕಬೇಕೆಂಬುದು) 1 ನಿಮಿಷ.

ಪ್ರಶ್ನೆ ಕೇಳಿದವರು:
ಸಂಪಿಲ್ಲದ ಮನೆಗಳಿಗೆ?

ಉತ್ತರ 1:
ಅದೇ ನೋಡ್‌ಗೆ ಇನ್ನೊಂದು ಟ್ಯಾಂಕ್. ಡ್ರಮ್ಮು, ಕೊಡ, ಬಕೆಟ್ ಸೇರಿ ಹಿಡಿಯುವಷ್ಟು. ತುಂಬಿದ ಮೇಲೂ ಚರಂಡಿಗೆ ಹರಿಯುವ ನಲ್ಲಿಗಳಿದ್ದರೆ ಎಮಿಟರ್ (ಒತ್ತಡಕ್ಕೆ ತಕ್ಕಂತೆ ನೀರು ಹೊರಬಿಡುವ ಕಿಂಡಿ) ಬೇಕು, ಒತ್ತಡದ ಘಾತ 0.5.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಎಪನೆಟ್ ಪೈಪು ಸದಾ ತುಂಬಿದೆ ಎಂದೇ ಲೆಕ್ಕ ಹಾಕುತ್ತದೆ. ಖಾಲಿಯಾದ 150 ಮಿ.ಮೀ. ಪೈಪು ಕಿಲೋಮೀಟರಿಗೆ 17.7 ಘನ ಮೀಟರ್ ನುಂಗುತ್ತದೆ; ಸೆಕೆಂಡಿಗೆ 10 ಲೀಟರ್ ಬಿಟ್ಟರೂ ಅರ್ಧ ಗಂಟೆ ಅಲ್ಲೇ ಹೋಯಿತು. 2 ಗಂಟೆಯಲ್ಲಿ ಅದು ಸಣ್ಣದಲ್ಲ. ತುಂಬುವ ಹೊತ್ತೂ ಬೇಕಿದ್ದರೆ ಸ್ವಿಮ್ (SWMM, ಮಳೆನೀರು ಚರಂಡಿಗಳ ಲೆಕ್ಕದ) ತಂತ್ರಾಂಶದಲ್ಲಿ ಹರಿವಿನ ಲೆಕ್ಕಕ್ಕೆ ಡೈನಮಿಕ್ ವೇವ್, ತುಂಬಿದ ಪೈಪಿನ ಒತ್ತಡಕ್ಕೆ ಸ್ಲಾಟ್ ಆಯ್ಕೆ ಮಾಡಿ. ಜಂಕ್ಷನ್‌ಗಳಿಗೆ ಸರ್‌ಚಾರ್ಜ್ ಡೆಪ್ತ್ (ಉಕ್ಕದೆ ಒತ್ತಡ ಏರಬಹುದಾದ ಎತ್ತರ) ಧಾರಾಳ ಕೊಡಿ, ಇಲ್ಲದಿದ್ದರೆ ಒತ್ತಡ ಏರಿದ ಕೂಡಲೇ ನೀರು ಮ್ಯಾನ್‌ಹೋಲಿನಂತೆ ಉಕ್ಕಿಹೋಯಿತೆಂದು ಅದು ಲೆಕ್ಕ ಕಳೆದುಬಿಡುತ್ತದೆ. ಉದ್ದ ಪೈಪುಗಳನ್ನು ತುಂಡು ಮಾಡಿ, ಟೈಮ್ ಸ್ಟೆಪ್ 1 ಸೆಕೆಂಡ್ ಅಥವಾ ಕಡಿಮೆ.

ಉತ್ತರ 3:
ಮೊದಲು ನೀರುಗಂಟಿಯವರನ್ನು (ವಾಲ್ವ್ ತೆರೆದು ನೀರು ಬಿಡುವವರನ್ನು) ಕೇಳಿ, ಯಾವ ವಾಲ್ವ್ ಎಷ್ಟು ಸುತ್ತು, ಎಷ್ಟು ಹೊತ್ತಿಗೆ ತೆರೆಯುತ್ತಾರೆಂದು. ಡ್ರಾಯಿಂಗ್‌ನಲ್ಲಿ ಪೂರ್ತಿ ತೆರೆದ ವಾಲ್ವ್ ಅಲ್ಲಿ ಅರೆತೆರೆದಿರುತ್ತದೆ. ತಾಳೆ ನೋಡಲು ಕೊನೆ ಬೀದಿಯಲ್ಲಿ ಒಂದು ಪ್ರೆಶರ್ ಲಾಗರ್ (ಒತ್ತಡವನ್ನು ದಾಖಲಿಸುತ್ತ ಹೋಗುವ ಉಪಕರಣ), ನಾಲ್ಕಾರು ಸಂಪುಗಳು ತುಂಬುವ ಸಮಯ ಸಾಕು. ಲಾಗರ್ ಸೊನ್ನೆಗಿಂತ ಕೆಳಗೆ ತೋರಿಸಿದರೆ ಲೈನಿಗೇ ಮೋಟಾರ್ ಹಚ್ಚಿದ್ದಾರೆಂದು ಅನುಮಾನಿಸಿ. ಸೋರುವ ಜಾಯಿಂಟ್‌ಗಳಿಂದ ಚರಂಡಿ ನೀರು ಒಳಗೆ ಬರುವುದು ಆಗಲೇ.